ಫೈಲ್ ಉಳಿದಿತ್ತು, ಅಕ್ಷರ ಉಳಿದಿರಲಿಲ್ಲ

ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಆಗಾಗ ಒಂದೊಂದು ಪುಸ್ತಕ. ಅದರ ಜೊತೆ ಮನೆಯವರ ಫೋಟೋಗಳೂ ಸೇರಿ ಸುಮಾರು 300 ಜಿಬಿ ಆಗಿತ್ತು, ಎಲ್ಲಾ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಒಂದು ದಿನ ಅದು ಟಕ್ ಟಕ್ ಅಂತ ಸದ್ದು ಮಾಡತೊಡಗಿತು. ಗಿರಾಕಿಗಳ ಕೆಲಸವನ್ನು ಮೊದಲು ಕಾಪಿ ಮಾಡಿಕೊಂಡೆ, ಅಷ್ಟು ಮುಗಿಯುವ ಹೊತ್ತಿಗೆ ಡಿಸ್ಕ್ ನಿಂತೇ ಹೋಯಿತು. ಮಗಳ ನಾಮಕರಣದ ಫೋಟೋಗಳು ಅದರಲ್ಲೇ ಹೋದವು. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಆಮೇಲೆ ಮೊದಲು ಯೋಚಿಸಿದ್ದು ಕ್ಲೌಡ್. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋಸ್ ಎಲ್ಲಾ ಬರಬೇಕು. ದುಡ್ಡು ಕೊಟ್ಟು ಜಾಸ್ತಿ ಜಾಗ ತೆಗೆದುಕೊಳ್ಳಬಹುದು, ಆದರೆ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೂ 300 ಜಿಬಿ ಹೋಗಲು ಬಿಡದೆ 33 ಗಂಟೆ ಬೇಕು. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಕ್ಲೌಡ್ ಫೋಲ್ಡರ್ ಮಾಡುವುದು ಸಿಂಕ್. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ, ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಇದ್ದು ಆಮೇಲೆ ಪೂರ್ತಿ ಹೋಗುತ್ತದೆ. ನಾವು ಹಳೇ ಫೈಲ್ ಹುಡುಕುವುದು ಆರು ತಿಂಗಳೋ ವರ್ಷವೋ ಆದ ಮೇಲೆ ಅಲ್ವಾ? ಹಾಗಾಗಿ ಈಗ ನಡೆಯುತ್ತಿರುವ ಕೆಲಸವನ್ನು ಮಾತ್ರ ಕ್ಲೌಡ್‌ನಲ್ಲಿ ಇಟ್ಟುಕೊಂಡೆ.

ಉಳಿದದ್ದಕ್ಕೆ 1 ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ. ಶುರುವಿನಲ್ಲಿ ವಿಂಡೋಸ್‌ನದೇ ಫೈಲ್ ಹಿಸ್ಟರಿ ಆನ್ ಮಾಡಿ ನಿಶ್ಚಿಂತೆಯಿಂದ ಇದ್ದೆ. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರ್‌ಗಳನ್ನು ಗಂಟೆಗೊಮ್ಮೆ ಕಾಪಿ ಮಾಡುತ್ತದೆ. ನನ್ನ ಕೆಲಸವೆಲ್ಲಾ ಇರುವುದು ಡಿ ಡ್ರೈವ್‌ನಲ್ಲಿ! ಅದನ್ನು ನಾವಾಗಿ ವಿಂಡೋಸ್‌ನ ಲೈಬ್ರರಿ ಅನ್ನುವ ಫೋಲ್ಡರ್ ಗುಂಪಿಗೆ ಸೇರಿಸದಿದ್ದರೆ ಅದು ಮುಟ್ಟುವುದೇ ಇಲ್ಲ. ನೀವೂ ಡಿ ಡ್ರೈವ್‌ನಲ್ಲೇ ಎಲ್ಲಾ ಇಡುವವರಾದರೆ ಇವತ್ತೇ ಒಮ್ಮೆ ನೋಡಿಕೊಳ್ಳಿ.

ಈಗ ಬಳಸುವುದು ಫ್ರೀಫೈಲ್‌ಸಿಂಕ್ ಅನ್ನುವ ಸಾಫ್ಟ್‌ವೇರ್. ಇದು ಪುಕ್ಕಟೆ ಸಿಗುತ್ತದೆ, ಯಾವ ಫೈಲ್ ಎಲ್ಲಿಗೆ ಹೋಗುತ್ತದೆ ಅಂತ ಕಾಪಿ ಮಾಡುವ ಮೊದಲೇ ಪಟ್ಟಿ ತೋರಿಸುತ್ತದೆ. ಮಿರರ್ (ಮೂಲ ಹೇಗಿದೆಯೋ ಹಾಗೇ ನಕಲು) ಅಂತ ಆರಿಸಿಕೊಂಡು, ಅಳಿಸಿದ ಮತ್ತು ಬದಲಾದ ಫೈಲ್‌ಗಳು ಬೇರೆ ಫೋಲ್ಡರ್‌ಗೆ ಹೋಗಲಿ ಅಂತ ವರ್ಷನಿಂಗ್ ಹಾಕಿದ್ದೇನೆ. ಬರೀ ಮಿರರ್ ಇಟ್ಟರೆ ಇಲ್ಲಿ ಆದ ತಪ್ಪು ಅಲ್ಲೂ ಆಗುತ್ತದೆ. ಭಾನುವಾರ ಬೆಳಗ್ಗೆ ಡಿಸ್ಕ್ ಚುಚ್ಚಿ ಕಾಪಿ ಮಾಡಿ, ಕೂಡಲೇ ತೆಗೆದು ಬೀರುವಿನಲ್ಲಿ ಇಡುತ್ತೇನೆ. ಸದಾ ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದ ದಿನ ಅದೂ ಲಾಕ್ ಆಗುತ್ತದೆ. ಎರಡನೇ ಡಿಸ್ಕ್ ತಂಗಿಯ ಮನೆಯಲ್ಲಿದೆ, ಬೇರೆ ಊರು. ಅವಳು ಗೌರಿ ಹಬ್ಬಕ್ಕೆ, ಯುಗಾದಿಗೆ ಬರುವಾಗ ಅದನ್ನು ತರುತ್ತಾಳೆ, ಹೋಗುವಾಗ ಬಾಗಿನದ ಜೊತೆ ಹೊಸದಾಗಿ ಕಾಪಿ ಮಾಡಿದ್ದನ್ನು ಕೊಟ್ಟು ಕಳಿಸುತ್ತೇನೆ. ಮನೆಗೆ ಬೆಂಕಿ ಬಿದ್ದರೂ, ಕಳ್ಳ ಬಂದರೂ ಒಂದು ಉಳಿಯುತ್ತದೆ.

ಇಷ್ಟೆಲ್ಲಾ ಆದ ಮೇಲೆ ಒಂದು ದಿನ, ನಿಜವಾಗಿ ವಾಪಸ್ ಬರುತ್ತದಾ ನೋಡೋಣ ಅಂತ ಡಿಸ್ಕನ್ನು ಹೆಂಡತಿಯ ಲ್ಯಾಪ್‌ಟಾಪ್‌ಗೆ ಹಾಕಿ ಹಳೇ ಸ್ಮರಣ ಸಂಚಿಕೆಯ ವರ್ಡ್ ಫೈಲ್ ತೆರೆದೆ. ಪುಟದ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಫೈಲ್ ಕೆಟ್ಟಿರಲಿಲ್ಲ. ಅದು ಯೂನಿಕೋಡ್‌ಗಿಂತ (ಈಗ ಎಲ್ಲಾ ಕಂಪ್ಯೂಟರ್‌ಗಳೂ ಬಳಸುವ ಅಕ್ಷರ ಸಂಕೇತ) ಮೊದಲಿನ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇರಲಿಲ್ಲ. ಇಂಥ ಫೈಲ್‌ನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ನನ್ನ ಬ್ಯಾಕಪ್‌ನಲ್ಲಿ ಒಂದೇ ಒಂದು ಫಾಂಟ್ ಕೂಡ ಇರಲಿಲ್ಲ.

ಅವತ್ತೇ ನುಡಿ, ಬರಹ, ಶ್ರೀಲಿಪಿ, ಇರುವ ಫಾಂಟ್ ಎಲ್ಲಾ ಹುಡುಕಿ ಎರಡೂ ಡಿಸ್ಕ್‌ಗೆ ಸೇರಲಿ ಅಂತ ಡಿ ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿದೆ. ಮುಖ್ಯವಾದ ಪುಸ್ತಕಗಳಿಗೆ ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಮಾಡಿಟ್ಟೆ. ಯೂನಿಕೋಡ್‌ಗೂ ಬದಲಿಸುತ್ತಿದ್ದೇನೆ, ಆದರೆ ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪುತ್ತವೆ, ಕೂತು ತಿದ್ದಬೇಕು. ಅದಕ್ಕೇ ಮೂಲ ಫೈಲ್ ಅಳಿಸುತ್ತಿಲ್ಲ. ತಂಗಿ ಮುಂದಿನ ಸಲ ಬರುವಷ್ಟರಲ್ಲಿ ಇನ್ನೂ ನಲವತ್ತು ಸಂಚಿಕೆಗಳ ಪಿಡಿಎಫ್ ಮುಗಿಸಬೇಕು.