ಲಕೋಟೆ ಬಿಸಾಕಬೇಡಿ: ದೊಡ್ಡವರ ಕೈಬರಹದ ಪತ್ರ ಕೂಡಿಡುವುದು, ಮಾರುವುದು ಹೇಗೆ?

ಮುಂಬೈಯ ಮಾಟುಂಗಾದಲ್ಲಿ ಹಳೇ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರುವವನು ರದ್ದಿವಾಲಾ. ಅಟ್ಟದ ಟ್ರಂಕು ಕೆಳಗಿಳಿಯುತ್ತದೆ, ಒಳಗಿನ ಕಾಗದವೆಲ್ಲ ತಕ್ಕಡಿಗೆ ಬೀಳುತ್ತದೆ. ಅಜ್ಜನಿಗೆ ಬಂದ ಪತ್ರಗಳೂ ಅದರಲ್ಲೇ ಹೋಗುತ್ತವೆ.

ನಮ್ಮ ಕನ್ನಡದವರು ಈ ಊರಲ್ಲಿ ಸಂಘ ಕಟ್ಟಿದವರು, ನಾಟಕ ಆಡಿಸಿದವರು. ಮೈಸೂರು ಅಸೋಸಿಯೇಷನ್ ಶುರುವಾಗಿದ್ದೇ 1926ರಲ್ಲಿ. ಊರಿಂದ ಒಬ್ಬ ಕವಿಯನ್ನು ಭಾಷಣಕ್ಕೆ ಕರೆಸಬೇಕು ಅಂದರೆ ಆಗ ಪತ್ರ ಬರೆಯಬೇಕಿತ್ತು. ಬರೆದರೆ ಉತ್ತರ ಬರುತ್ತಿತ್ತು. ಆ ಉತ್ತರಗಳು ಈಗ ಯಾರ ಅಟ್ಟದಲ್ಲಿವೆಯೋ! ಹಾಗಾಗಿ ಮೊದಲ ಕೆಲಸ ಇಷ್ಟೇ: ರದ್ದಿಯವನನ್ನು ಕರೆಯುವ ಮುನ್ನ ಒಂದು ಭಾನುವಾರ ಆ ಟ್ರಂಕಿಗೆ ಕೊಡಿ.

ಬೆಲೆ ಯಾವುದಕ್ಕೆ?

2025ರ ಜೂನ್‌ನಲ್ಲಿ ಮುಂಬೈಯ ಆಸ್ಟಾಗುರು ಹರಾಜಿನಲ್ಲಿ ರವೀಂದ್ರನಾಥ ಟ್ಯಾಗೋರರ 35 ಪತ್ರಗಳು ಸುಮಾರು 5.9 ಕೋಟಿ ರೂಪಾಯಿಗೆ ಹೋದವು. ಸಮಾಜಶಾಸ್ತ್ರಜ್ಞ ಧೂರ್ಜಟಿ ಪ್ರಸಾದ್ ಮುಖರ್ಜಿಯವರಿಗೆ ಬರೆದ ಪತ್ರಗಳವು. ಜೊತೆಗೆ 14 ಲಕೋಟೆಗಳೂ ಇದ್ದವು. ಲಕೋಟೆಯನ್ನೂ ಎಣಿಸಿ ಹೇಳಿದ್ದರು, ಗಮನಿಸಿ.

ಕೋಟಿ ಅಂತ ಕೇಳಿ ನಿಮ್ಮ ಮನೆಯ ಕಾರ್ಡಿಗೆ ಲೆಕ್ಕ ಹಾಕಲು ಕೂರಬೇಡಿ. ಬರೀ ಸಹಿಗೆ ಅಷ್ಟು ಬೆಲೆ ಇಲ್ಲ. "ಮದುವೆಗೆ ಬರಲಾಗುತ್ತಿಲ್ಲ, ವಧೂವರರಿಗೆ ಶುಭವಾಗಲಿ" ಎಂಬ ಪತ್ರ ಒಂದು ತೂಕ. ಅದೇ ಲೇಖಕರು ತಮ್ಮ ಪುಸ್ತಕ ಎಲ್ಲಿ ಕೆಟ್ಟಿತು ಅಂತ ಗೆಳೆಯನ ಹತ್ತಿರ ತೋಡಿಕೊಂಡ ಪತ್ರದ ತೂಕವೇ ಬೇರೆ. ವ್ಯಾಪಾರದವರು ಇಡೀ ಕೈಬರಹದ, ಸಹಿ ಇರುವ ಪತ್ರಕ್ಕೆ ಎಎಲ್‌ಎಸ್ ಎನ್ನುತ್ತಾರೆ. ಟೈಪ್ ಮಾಡಿ ಸಹಿ ಹಾಕಿದ್ದು ಟಿಎಲ್‌ಎಸ್. ಸಾಮಾನ್ಯವಾಗಿ ಮೊದಲನೆಯದಕ್ಕೇ ಬೆಲೆ ಜಾಸ್ತಿ.

ಅಸಲಿಯೋ ನಕಲಿಯೋ?

ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಒಮ್ಮೆ ಒಬ್ಬ ಅಂಗಡಿಯವನು ನನಗೆ 1968ರ ಪತ್ರ ತೋರಿಸಿದ. ಕಾಗದ ಹಳದಿಯಾಗಿತ್ತು, ಸಹಿ ಜೋರಾಗಿತ್ತು. ಲೆಟರ್‌ಹೆಡ್ಡಿನ ಮೂಲೆಯಲ್ಲಿ ಮಾತ್ರ 400 019 ಅಂತ ಅಚ್ಚಾಗಿತ್ತು. ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಮಾಟುಂಗಾ ಅಂದರೆ ಬರೀ 'ಬಾಂಬೆ 19'. "ಸೇಠ್, ನಾಲ್ಕು ವರ್ಷ ಮುಂಚೆಯೇ ಇವರಿಗೆ ಪಿನ್ ಕೋಡ್ ಹೇಗೆ ಸಿಕ್ಕಿತು?" ಅಂದೆ. ಅವನು ನಕ್ಕು, "ಅದಕ್ಕೇ ಅಲ್ವಾ ಕಡಿಮೆಗೆ ಕೊಡ್ತಿರೋದು" ಅಂದು ಚಹಾ ತರಿಸಿದ.

ಇಂಥ ತಾರೀಖುಗಳನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಅಂಚೆಚೀಟಿಗೆ ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್ 1ರಿಂದ, ಅದಕ್ಕೂ ಮುಂಚೆ ಆಣೆ. ಮೈಸೂರು ರಾಜ್ಯ ಕರ್ನಾಟಕವಾಗಿದ್ದು 1973ರ ನವೆಂಬರ್ 1ರಂದು, ಹಾಗಾಗಿ 1965ರ ಪತ್ರದಲ್ಲಿ 'ಕರ್ನಾಟಕ ಸರ್ಕಾರ' ಎಂಬ ಲೆಟರ್‌ಹೆಡ್ ಕಂಡರೆ ಕೈ ಮುಗಿದು ಬನ್ನಿ. ಪತ್ರದ ತಾರೀಖಿಗೂ ಅಂಚೆ ಮುದ್ರೆಯ ತಾರೀಖಿಗೂ ತಾಳೆ ಇದೆಯೇ ನೋಡಿ. ಲಕೋಟೆ ಬಿಸಾಕಬೇಡಿ ಅನ್ನುವುದು ಇದಕ್ಕೇ.

ಆಮೇಲೆ ಭೂತಗನ್ನಡಿ ಹಿಡಿಯಿರಿ. ಜನ ಪತ್ರ ಬರೆದು ಆಮೇಲೆ ಮಡಚುತ್ತಾರೆ. ನಕಲಿ ಮಾಡುವವನಿಗೆ ಸಿಗುವುದು ಎಂದೋ ಮಡಚಿಟ್ಟ ಹಳೇ ಖಾಲಿ ಹಾಳೆ. ಮಡಿಕೆಯಲ್ಲಿ ಕಾಗದದ ನಾರು ಒಡೆದಿರುತ್ತದೆ. ಅದರ ಮೇಲೆ ಪೆನ್ನು ಹಾಯ್ದರೆ ಶಾಯಿ ಜೇಡರ ಕಾಲಿನಂತೆ ಪಕ್ಕಕ್ಕೆ ಹರಡುತ್ತದೆ. ಕತ್ತಲಲ್ಲಿ ನೇರಳೆ ಬೆಳಕಿನ ಯುವಿ ಟಾರ್ಚನ್ನೂ ಬಿಟ್ಟು ನೋಡಿ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸಲು ಶುರುಮಾಡಿದ್ದು ಸುಮಾರು 1950ರಿಂದೀಚೆಗೆ. 1920ರ ಪತ್ರ ಅಂದದ್ದು ಹೊಸ ಬನಿಯನ್ನಿನ ಹಾಗೆ ನೀಲಿಯಾಗಿ ಹೊಳೆದರೆ ಮುಗೀತು.

ಅಕ್ಷರ ಬೇರೆ ಕಂಡ ಮಾತ್ರಕ್ಕೆ ನಕಲಿ ಅನ್ನುವ ಹಾಗೂ ಇಲ್ಲ. ಗಾಂಧೀಜಿ ಬಲಗೈ ಸೋತಾಗ ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಕೂತು ಬರೆದ 'ಹಿಂದ್ ಸ್ವರಾಜ್' ಹಸ್ತಪ್ರತಿಯ 275 ಪುಟಗಳಲ್ಲಿ 40 ಎಡಗೈಯವು. ಇನ್ನು ಕೆಲವು ಪತ್ರ ಬರೆದಿದ್ದು ಅವರ ಕಾರ್ಯದರ್ಶಿಗಳಾದ ಮಹಾದೇವ ದೇಸಾಯಿಯವರೋ ಪ್ಯಾರೇಲಾಲರೋ ಆಗಿರುತ್ತದೆ, ಬಾಪು ಸಹಿ ಮಾತ್ರ ಹಾಕಿರುತ್ತಾರೆ. ಗಾಂಧಿ ಪತ್ರ ಅಂತ ಯಾರಾದರೂ ತಂದರೆ ಅವರ ಸಮಗ್ರ ಬರಹಗಳ 100 ಸಂಪುಟಗಳಲ್ಲಿ ತಾರೀಖು ಹಿಡಿದು ಹುಡುಕಿ. ಗಾಂದೇವಿಯ ಮಣಿ ಭವನದ ಗಾಂಧಿ ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬನ್ನಿ.

ಕೊನೆಗೆ ಕೇಳಬೇಕಾದ್ದು, ಇದು ನಿನ್ನ ಕೈಗೆ ಹೇಗೆ ಬಂತು? ಯಾರಿಗೆ ಬರೆದದ್ದು, ಅವರ ನಂತರ ಯಾರ ಹತ್ತಿರ ಇತ್ತು, ಈ ಸರಪಳಿ ಸರಿಯಾಗಿದ್ದರೆ ಅರ್ಧ ಸಂಶಯ ಕಳೆಯಿತು. ನಿಮ್ಮ ಮನೆಯದೇ ಪತ್ರವಾದರೆ ಆ ಕತೆಯನ್ನು ಈಗಲೇ ಬೇರೆ ಹಾಳೆಯಲ್ಲಿ ಬರೆದಿಡಿ. ಗೊತ್ತಿರುವ ಅತ್ತೆಯೋ ದೊಡ್ಡಪ್ಪನೋ ಇರುವಾಗಲೇ ಕೇಳಿಕೊಳ್ಳಿ.

ಮಳೆಗಾಲ ದಾಟಿಸುವುದು

ನನ್ನ ತಂದೆಗೆ ಒಬ್ಬ ದೊಡ್ಡ ಸಾಹಿತಿ ಬರೆದ ಕಾರ್ಡು ನಮ್ಮಲ್ಲಿತ್ತು. ಹೆಸರು ಹೇಳಿದರೆ ಬೈತೀರಿ, ಬೇಡ. ಚೆನ್ನಾಗಿರಲಿ ಅಂತ ಸ್ಟೇಷನ್ ಹತ್ತಿರ ಲ್ಯಾಮಿನೇಟ್ ಮಾಡಿಸಿದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಬಿಟ್ಟು ತೇವ ನುಗ್ಗಿತು. ಈಗ ಅದರಲ್ಲಿ ಓದಲು ಬರುವುದು 'ಕ್ಷೇಮ' ಎಂಬ ಒಂದೇ ಪದ, ಉಳಿದದ್ದು ನೇರಳೆ ಕಲೆ.

ಆದ್ದರಿಂದ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ವಾಸನೆ ಬರುವ ಪಿವಿಸಿ ಆಲ್ಬಮ್ಮೂ ಬೇಡ. ಪಿನ್ನು, ಕ್ಲಿಪ್ಪು ತೆಗೆಯಿರಿ, ತುಕ್ಕು ಹಿಡಿಯುತ್ತದೆ. ಪತ್ರ ಬಿಡಿಸಿ, ಆಮ್ಲವಿಲ್ಲದ ಕಾಗದದ ಜೊತೆ ಪಾಲಿಯೆಸ್ಟರ್ ಕವರಿನಲ್ಲಿಡಿ. ಸೋರುವ ಗೋಡೆಗೆ ಅಂಟಿಕೊಂಡ ಕಪಾಟಿನಲ್ಲಿ ಇಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಆಗಾಗ ತೆಗೆದು ಬೂಷ್ಟು, ಹುಳ ನೋಡುತ್ತಿರಿ. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕುವ ಆಸೆಯಿದ್ದರೆ ನಕಲು ಪ್ರತಿ ಹಾಕಿ, ಬಿಸಿಲಿಗೆ ಶಾಯಿ ಹಾರಿಹೋಗುತ್ತದೆ.

ಮಾರುವಾಗ

ಪತ್ರ ನಿಮ್ಮದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅಜ್ಜ ಸಂಘದ ಕಾರ್ಯದರ್ಶಿಯಾಗಿದ್ದಾಗ ಆ ಹುದ್ದೆಯ ಹೆಸರಿಗೆ ಬಂದ ಪತ್ರ ಸಂಘದ್ದು, ಮನೆಯದಲ್ಲ. ಮನೆಯದಾದರೆ ಅಣ್ಣತಮ್ಮ, ಅಕ್ಕತಂಗಿಯರ ಒಪ್ಪಿಗೆ ಬರಹದಲ್ಲೇ ಇರಲಿ. ಮಾರಾಟದ ಸುದ್ದಿ ಕೇಳಿದ ಮೇಲೆ ಎಲ್ಲರಿಗೂ ಅಜ್ಜನ ಮೇಲೆ ಪ್ರೀತಿ ಉಕ್ಕುತ್ತದೆ.

ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ, ಚರಿತ್ರೆ ಅಥವಾ ಸಾಹಿತ್ಯದ ಮಹತ್ವವಿರುವ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು ಪ್ರಾಚ್ಯವಸ್ತುಗಳೇ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ದುಬೈಯಲ್ಲಿರುವ ಭಾವ ಒಳ್ಳೇ ಬೆಲೆ ಕೊಡ್ತೀನಿ ಅಂದರೂ ಬೇಡ. ದೇಶದೊಳಗೆ ಇಂಥ ವಸ್ತು ಮಾರುವುದನ್ನೇ ದಂಧೆ ಮಾಡಿಕೊಂಡವರಿಗೆ ಲೈಸೆನ್ಸ್ ಬೇಕು. ಇನ್ನೊಂದು ವಿಷಯ: ಕಾಗದ ನಿಮ್ಮದಾದರೂ ಅದರೊಳಗಿನ ಮಾತಿನ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಪತ್ರ ಮಾರಬಹುದು, ಆದರೆ ಆ ಹಕ್ಕಿನ ಅವಧಿ ಮುಗಿಯುವವರೆಗೆ ಅವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಸುವ ಹಾಗಿಲ್ಲ.

ಅಂಗಡಿಗೆ ಕೊಟ್ಟರೆ ದುಡ್ಡು ತಕ್ಷಣ, ಆದರೆ ಕಡಿಮೆ. ಹರಾಜಿಗೆ ಕೊಟ್ಟರೆ ಕಾಯಬೇಕು. ಇಷ್ಟಕ್ಕಿಂತ ಕಡಿಮೆಗೆ ಬಿಡಬಾರದು ಎಂಬ ರಿಸರ್ವ್ ಬೆಲೆ, ನಿಮ್ಮಿಂದ ಮುರಿದುಕೊಳ್ಳುವ ಕಮಿಷನ್, ಹೋಗದಿದ್ದರೆ ವಾಪಸ್ ತರುವ ಖರ್ಚು, ಮೂರನ್ನೂ ಒಪ್ಪಂದದಲ್ಲಿ ಓದಿ ಸಹಿ ಹಾಕಿ. ಎರಡು ಕಡೆ ಅಂದಾಜು ಕೇಳಿ. ಒಬ್ಬರಿಗೇ ಬರೆದ ಪತ್ರಗಳ ಕಟ್ಟಿದ್ದರೆ ಬಿಡಿಬಿಡಿಯಾಗಿ ಮಾರಬೇಡಿ, ಒಂದಕ್ಕೆ ಇನ್ನೊಂದು ಸಾಕ್ಷಿ. ತೆರಿಗೆಯ ಮಾತನ್ನು ಆಡಿಟರ್ ಹತ್ತಿರ ಆಡಿ.

ಮಾರಲು ಮನಸ್ಸಾಗದಿದ್ದರೆ, ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ, ಅಲ್ಲಿ ವಿಚಾರಿಸಬಹುದು. ಕನ್ನಡ ಪತ್ರಗಳಾದರೆ ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಕೇಳಿ ನೋಡಿ. ಯಾರಿಗೆ ಕೊಟ್ಟರೂ ರಸೀದಿಯಿಲ್ಲದೆ ಮೂಲ ಪ್ರತಿ ಕೈಬಿಡಬೇಡಿ. ಅದಕ್ಕೂ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಡಿ, ಲಕೋಟೆಯದ್ದೂ.