‘ಅವೆನ್ಯೂ ಕ್ಯೂ’ ಶೈಲಿಯಲ್ಲಿ ಬೊಂಬೆಯಾಡಿಸುವ ಕ್ರಮ
2003ರಲ್ಲಿ ನ್ಯೂಯಾರ್ಕ್‌ನ ಪ್ರಸಿದ್ಧ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ಬಂದು ಅಲ್ಲಿ ಆರು ವರ್ಷ ನಡೆದ ‘ಅವೆನ್ಯೂ ಕ್ಯೂ’ ಸಂಗೀತ ನಾಟಕದ ಬೊಂಬೆಗಳನ್ನು ರೂಪಿಸಿದ ರಿಕ್ ಲಯಾನ್ ಅವರೂ ಮೊದಲ ತಂಡದ ಹಲವು ಕಲಾವಿದರೂ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಬೊಂಬೆ ಟಿವಿ ಕಾರ್ಯಕ್ರಮದಲ್ಲಿ ಪಳಗಿದವರು. ಟಿವಿಯಲ್ಲಿ ಕಲಾವಿದರು ಕ್ಯಾಮೆರಾಗೆ ಕಾಣದಂತೆ ಅಡಗಿ, ಕೈಯನ್ನು ತಲೆಯ ಮೇಲೆತ್ತಿ, ಮಾನಿಟರ್ ನೋಡುತ್ತ ಬೊಂಬೆಯಾಡಿಸುತ್ತಾರೆ. ಈ ನಾಟಕದಲ್ಲಾದರೋ ಅವರು ಪ್ರೇಕ್ಷಕರ ಕಣ್ಣೆದುರೇ ನಿಲ್ಲುತ್ತಾರೆ. ಆದ್ದರಿಂದ ಬೊಂಬೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದು ನೋಡುವ ಕಡೆಗೇ ನೀವೂ ನೋಡಬೇಕು. ಮಾತಾಡಿಸುವಾಗ ಬೊಂಬೆಯ ತಲೆಯೊಳಗಿರುವ ಕೈಯ ಹೆಬ್ಬೆರಳನ್ನು ಕೆಳಗಿಳಿಸಿ ಬಾಯಿ ತೆರೆಯಿರಿ. ಮೇಲಿನ ನಾಲ್ಕು ಬೆರಳುಗಳನ್ನು ಎತ್ತಿದರೆ ಬೊಂಬೆಯ ಕಣ್ಣು ಚಾವಣಿಯತ್ತ ಹೊರಳಿ, ಅದು ಯಾರೊಡನೆ ಮಾತಾಡುತ್ತಿದೆ ಎಂಬುದೇ ತಿಳಿಯದಂತಾಗುತ್ತದೆ (ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ). ಎರಡು ಕೈಗಳನ್ನೂ ಆಡಿಸಬೇಕಾದ, ನಾಟಕದ ನಿಕಿಯಂತಹ ಬೊಂಬೆ ಪಾತ್ರಕ್ಕೆ ಇಬ್ಬರು ಬೇಕು: ಒಬ್ಬರು ಬಾಯಿಯನ್ನೂ ಒಂದು ಕೈಯನ್ನೂ ಆಡಿಸಿದರೆ, ಜೊತೆಗಾರರು ಇನ್ನೊಂದು ಕೈಯನ್ನು ನೋಡಿಕೊಳ್ಳುತ್ತಾರೆ.