ನಿಶಾತ್ ಬಾಗ್‌ಗೆ ಸಂಜೆ ಹೊತ್ತಲ್ಲಿ ಹೋಗಿ

ಶ್ರೀನಗರಕ್ಕೆ ಹೊರಟವರು ಮೊಘಲರ ಕಾಲದ ತೋಟ ನಿಶಾತ್ ಬಾಗ್‌ ಅನ್ನು ಬೆಳಗ್ಗೆ ಬೇಗ ಮುಗಿಸಿಬಿಡಬೇಡಿ. ತೋಟದ ಬೆನ್ನಿಗೆ ಪೂರ್ವದಲ್ಲಿ ಜಬರ್ವಾನ್ ಬೆಟ್ಟ, ಎದುರಿಗೆ ಪಶ್ಚಿಮದಲ್ಲಿ ದಾಲ್ ಸರೋವರ. ಹಾಗಾಗಿ ಚೆಂದದ ಬೆಳಕು ಸಿಗುವುದು ಸಂಜೆ. 4 ಗಂಟೆ ಹೊತ್ತಿಗೆ ಒಳಗಿದ್ದರೆ ಸಾಕು.

ಹೆಚ್ಚಿನವರು ಕೆಳಗಿನ ಕಾರಂಜಿಗಳ ಹತ್ತಿರ ಫೋಟೋ ತೆಗೆದು ವಾಪಸ್ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಮೊಘಲ್ ದೊರೆ ಜಹಾಂಗೀರನ ಹೆಂಡತಿ ನೂರ್ ಜಹಾನಳ ಅಣ್ಣ ಆಸಫ್ ಖಾನ್ 1633ರಲ್ಲಿ ಇದನ್ನು ಕಟ್ಟಿಸಿದಾಗ 12 ರಾಶಿಗಳ ಲೆಕ್ಕದಲ್ಲಿ 12 ಹಂತ ಮಾಡಿಸಿದ್ದ. ತೀರಾ ಮೇಲಿನದು ಹೆಂಗಸರಿಗೆ ಮೀಸಲಾಗಿದ್ದ ಜನಾನಾ. ಅಲ್ಲಿಂದ ತಿರುಗಿ ನೋಡಿದರೆ ನಡುವಿನ ಕಾಲುವೆ ನೇರ ಸರೋವರಕ್ಕೇ ಸೇರಿದ ಹಾಗೆ ಕಾಣುತ್ತದೆ. ಅದನ್ನು ನೋಡದೆ ಬಂದರೆ ತೋಟ ನೋಡಿದ ಹಾಗೇ ಅಲ್ಲ.

ಮೆಟ್ಟಿಲು ಜಾಸ್ತಿ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಒಂದೊಂದು ಹಂತದಲ್ಲೂ ಚಿನಾರ್ ಮರದ ನೆರಳಲ್ಲಿ ಕೂರಿಸಿ, ನಿಧಾನವಾಗಿ ಹತ್ತಿಸಿ. ಒದ್ದೆ ಕಲ್ಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಇರಲಿ. ಬಿಸಿಲು ಇಳಿದ ತಕ್ಷಣ ಚಳಿ ಶುರುವಾಗುತ್ತದೆ, ಒಂದು ಸ್ವೆಟರ್ ಕೈಯಲ್ಲಿರಲಿ.

ಚಿನಾರ್ ಎಲೆ ಕೆಂಪಾಗುವುದನ್ನು ನೋಡಬೇಕಾದರೆ ಅಕ್ಟೋಬರ್ ಕೊನೆಗೆ ಟಿಕೆಟ್ ಮಾಡಿಸಿ.